ಕೇಳಿದರೆ ಮಾತ್ರ

"ಬ್ರೇಕು ಸವೆದಿದೆ ಅಂತ ಗೊತ್ತಿದ್ದೂ ಲಿಫ್ಟನ್ನ ಯಾಕೆ ನಿಲ್ಲಿಸಲಿಲ್ಲ?"

ಈ ಪ್ರಶ್ನೆಯನ್ನು ಅವಳು ಮತ್ತೊಮ್ಮೆ ಕೇಳಿದಾಗ ಲಿಫ್ಟ್ ಕಂಪನಿಯ ಯಜಮಾನ ಟೈ ಸಡಿಲಿಸಿಕೊಂಡು, ಒಂದು ಲೋಟ ನೀರು ಬೇಕು ಎಂದ. ಅವಳು ಕೊಡಲಿಲ್ಲ. ಕಷ್ಟದ ಪ್ರಶ್ನೆ ಬಂದ ಕೂಡಲೇ ನೀರಿಗೆ ಕೈ ಚಾಚಿದವನನ್ನು ಜನ ಕಳ್ಳ ಎಂದೇ ತಿಳಿಯುತ್ತಾರೆ, ಗಂಟಲು ಒಣಗಿದರೆ ಒಣಗಲಿ, ಮೊದಲು ಉತ್ತರ ಹೇಳಿ ಎಂದಳು. ಪರದೆ ಎಳೆದ ಮೀಟಿಂಗ್ ರೂಮಿನಲ್ಲಿ ಎರಡು ದೊಡ್ಡ ದೀಪಗಳು ಅವನ ಮುಖಕ್ಕೇ ಉರಿಯುತ್ತಿದ್ದವು. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಅದರ ಪಕ್ಕದ ಕುರ್ಚಿಯಲ್ಲಿ ಅವಳು. ಮಾರನೆಯ ದಿನದ ಪತ್ರಿಕಾಗೋಷ್ಠಿಗೆ ಇದು ತಾಲೀಮು.

ತಾಲೀಮು ನಡೆಸುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಪತ್ರಿಕೆಯೊಂದರಲ್ಲಿ ಹಲವು ವರ್ಷ ವರದಿಗಾರ್ತಿಯಾಗಿದ್ದು, ಆ ಸಂಬಳ ಮಗಳ ಶಾಲೆಯ ಫೀಸಿಗೂ ಸಾಲುವುದಿಲ್ಲವೆಂದು ಗೊತ್ತಾದ ಮೇಲೆ ಪಿ.ಆರ್. ಏಜೆನ್ಸಿಗೆ ಸೇರಿದವಳು. ದೊಡ್ಡ ಮನುಷ್ಯರ ಹೆಸರು ಕೊಳೆಯಾದಾಗ ಅದನ್ನು ಒಗೆದು ಇಸ್ತ್ರಿ ಮಾಡಿ ಕೊಡುವುದು ಈಗ ಅವಳ ಕೆಲಸ. ಪತ್ರಕರ್ತರೆಲ್ಲ, ಅವಳಿಗಿಂತ ಎಷ್ಟೋ ಹಿರಿಯರೂ, ಅವಳನ್ನು ಅಕ್ಕ ಎಂದು ಕರೆಯುತ್ತಿದ್ದರು. ಕೈತುಂಬ ಸುದ್ದಿ, ಹೊಟ್ಟೆ ತುಂಬ ಊಟ, ಹೊರಡುವಾಗ ಒಂದು ಚರ್ಮದ ಚೀಲ ಕೊಡುವವಳನ್ನು ಅಕ್ಕ ಎನ್ನದೆ ಮತ್ತೇನೆನ್ನಬೇಕು?

ತಾಲೀಮಿನ ಕೋಣೆಗೆ ಅವಳದೊಂದು ನಿಯಮವಿತ್ತು. ಡಾಕ್ಟರ ಹತ್ತಿರ, ಲಾಯರ ಹತ್ತಿರ, ನನ್ನ ಹತ್ತಿರ ಸುಳ್ಳು ಹೇಳಬೇಡಿ, ಆಚೆ ಹೋಗಿ ಏನು ಹೇಳಬೇಕೆಂದು ಆಮೇಲೆ ನಾನು ಹೇಳುತ್ತೇನೆ ಎಂದು ಮೊದಲೇ ತಾಕೀತು ಮಾಡುತ್ತಿದ್ದಳು. ಬಚ್ಚಿಟ್ಟ ಹುಣ್ಣು ಎಲ್ಲಿದೆ ಎಂದು ತಿಳಿಯದೆ ಅದಕ್ಕೆ ಬಟ್ಟೆ ಸುತ್ತುವುದು ಹೇಗೆ? ಈ ಯಜಮಾನನೂ ಹಾಗೆ ಆ ದಿನ ಬೆಳಿಗ್ಗೆ ಬಾಯಿ ಬಿಟ್ಟಿದ್ದ, ಅದೂ ಯಾರದೋ ಮನೆಯ ಮಾತು ಹೇಳುವವನಂತೆ ಕಾಲ ಮೇಲೆ ಕಾಲು ಹಾಕಿಕೊಂಡು.

ವಿಷಯ ಇಷ್ಟೇ. ವಾರದ ಹಿಂದೆ ಪೇಟೆಯ ವ್ಯಾಪಾರ ಸಂಕೀರ್ಣವೊಂದರ ಲಿಫ್ಟು ನಾಲ್ಕನೇ ಮಹಡಿಯಿಂದ ಕೆಳಕ್ಕೆ ಬಿದ್ದು, ಅಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಹೆಂಗಸೊಬ್ಬಳು ಸತ್ತಿದ್ದಳು. ಇನ್ನಿಬ್ಬರ ಕಾಲು ಮುರಿದಿತ್ತು. ಲಿಫ್ಟನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಅದಕ್ಕೂ ಮೊದಲೇ ಯಜಮಾನನ ಕ್ಯಾಬಿನ್ನಿಗೇ ಬಂದು, ಬ್ರೇಕು ಪೂರ್ತಿ ಹೋಗಿದೆ, ಲಿಫ್ಟು ನಿಲ್ಲಿಸಿಬಿಡೋಣ ಎಂದಿದ್ದನಂತೆ. ಆಗ ಸಂಕೀರ್ಣದವರ ಜೊತೆ ಹೊಸ ಗುತ್ತಿಗೆಯ ಮಾತು ನಡೆಯುತ್ತಿತ್ತು. ಈಗ ಬ್ರೇಕಿನ ಸುದ್ದಿ ಎತ್ತಿದರೆ ಗುತ್ತಿಗೆ ಕೈತಪ್ಪುತ್ತದೆ, ಸಹಿ ಬೀಳುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಯಜಮಾನ ಅವನನ್ನು ಕಳಿಸಿದ್ದ. ಸಹಿ ಬಿತ್ತು. ಅದರ ಮಾರನೆಯ ದಿನ ಲಿಫ್ಟೂ ಬಿತ್ತು.

ಅವಳಿಗೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅವಘಡದ ದಿನವೇ ಅವಳು ಯಜಮಾನ ಫೋನಿನಲ್ಲಿ ಹೇಳಿದ್ದನ್ನು ನಂಬಿ, ಮೇಲ್ನೋಟಕ್ಕೆ ನಿರ್ವಹಣಾ ಸಿಬ್ಬಂದಿಯ ನಿರ್ಲಕ್ಷ್ಯ ಕಂಡುಬಂದಿದೆ ಎಂದು ಪತ್ರಿಕಾ ಹೇಳಿಕೆ ಬರೆದು ಹಂಚಿದ್ದಳು. ಮಾರನೆಯ ದಿನ ಎಲ್ಲ ಪತ್ರಿಕೆಗಳಲ್ಲೂ ಅವಳ ವಾಕ್ಯವೇ, ಅಲ್ಪವಿರಾಮ ಕೂಡ ಆಚೀಚೆ ಆಗಿರಲಿಲ್ಲ. ಪೊಲೀಸರೂ ಮನುಷ್ಯರೇ ತಾನೇ, ಅವರೂ ಪತ್ರಿಕೆ ಓದುತ್ತಾರೆ. ಮೆಕ್ಯಾನಿಕ್ಕನನ್ನು ಹಿಡಿದು ಒಳಗೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು, ಮತ್ತು ಬರೆಯ ಕಬ್ಬಿಣ ಕಾಯಿಸಿಕೊಟ್ಟವಳು ತಾನೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಂತ ತಾಲೀಮು ನಿಲ್ಲಿಸಲಿಲ್ಲ.

ಬ್ರೇಕಿನ ಪ್ರಶ್ನೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ ಅವಳು ಅದಕ್ಕೊಂದು ಉತ್ತರ ಹೆಣೆದುಕೊಟ್ಟಳು. ಹೌದು ಎನ್ನಬೇಕು, ಆದರೆ ಹೌದು ಎಂದದ್ದು ಕೇಳುವವರಿಗೆ ಮರೆತುಹೋಗಬೇಕು. ಅದು ಆ ಉತ್ತರದ ಸೊಗಸು. ಎದೆಯ ಮೇಲೆ ಕೈ ಯಾವಾಗ ಬರಬೇಕು, ದನಿ ಎಲ್ಲಿ ತಗ್ಗಬೇಕು, ಕಣ್ಣು ಎಷ್ಟು ಹೊತ್ತು ಮುಚ್ಚಿರಬೇಕು ಎಲ್ಲವನ್ನೂ ತೋರಿಸಿಕೊಟ್ಟಳು. ಯಜಮಾನ ಮೊದಮೊದಲು ತೊದಲಿದ, ಬೆವರಿದ, ಒಮ್ಮೆ ಸಿಟ್ಟಿಗೆದ್ದು ಮೆಕ್ಯಾನಿಕ್ಕನ ಜನ್ಮ ಜಾಲಾಡಿದ. ಮಧ್ಯಾಹ್ನದ ಹೊತ್ತಿಗೆ ಪಾಠ ನಾಲಿಗೆಗೆ ಹತ್ತಿತು. ಸಂಜೆಯ ಹೊತ್ತಿಗೆ, ಇನ್ನೊಂದು ಸಲ ಕೇಳಿ, ಇನ್ನೊಂದು ಸಲ ಕೇಳಿ ಎಂದು ಅವನೇ ದುಂಬಾಲು ಬೀಳತೊಡಗಿದ. ವಿಡಿಯೊದಲ್ಲಿ ತನ್ನ ಮುಖ ನೋಡಿಕೊಂಡು, ಕಣ್ಣಂಚಿನಲ್ಲಿ ನಿಜವಾಗಿಯೂ ನೀರು ಬಂದಿದೆಯಲ್ಲ ಎಂದು ಬೆರಗಾದ. ಸತ್ತ ಹೆಂಗಸಿಗಾಗಿ ಅವನು ಸುರಿಸಿದ ಕಣ್ಣೀರು ಅಷ್ಟೇ, ಅದೂ ದೀಪದ ಉರಿಗೆ ಬಂದದ್ದು.

"ಒಂದು ಮಾತು ನೆನಪಿರ್ಲಿ ಸರ್," ಎಂದಳು ಅವಳು ದೀಪ ಆರಿಸುತ್ತ. "ಈ ಉತ್ತರ, ಕೇಳಿದರೆ ಮಾತ್ರ. ಕೇಳದೇ ಇದ್ರೆ ಬ್ರೇಕ್ ಅನ್ನೋ ಪದವೂ ಬಾಯಿಗೆ ಬರಬಾರದು."

"ಕೇಳದೇ ಇರ್ತಾರಾ?" ಎಂದ ಯಜಮಾನ, ಸ್ವಲ್ಪ ಆತಂಕದಿಂದಲೇ.

ಅವನನ್ನು ಕಾರಿಗೆ ಹತ್ತಿಸಿ ಬರುವಾಗ ಏಜೆನ್ಸಿಯ ಮುಂಬಾಗಿಲ ಸೋಫಾದಲ್ಲಿ ಒಬ್ಬಳು ಕೂತಿದ್ದಳು. ಮೆಕ್ಯಾನಿಕ್ಕನ ಹೆಂಡತಿ. ಪತ್ರಿಕೆಯ ಕಚೇರಿಗಳನ್ನೆಲ್ಲ ಸುತ್ತಿ, ನಾವೇನು ಬರೆದದ್ದಲ್ಲಮ್ಮ, ಅಕ್ಕ ಕಳಿಸಿದ್ದು ಹಾಕಿದ್ದೇವೆ ಎಂದು ಅವರು ಹೇಳಿದ ಮೇಲೆ ವಿಳಾಸ ಕೇಳಿಕೊಂಡು ಬಂದಿದ್ದಳು. ಜಗಳಕ್ಕೆ ಬಂದವಳ ಹಾಗಿರಲಿಲ್ಲ. ಅದೇ ಅಕ್ಕನಿಗೆ ಇನ್ನೂ ಕಷ್ಟವಾಯಿತು. ಜಗಳವಾಡುವವರನ್ನು ಸುಧಾರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

"ನಮ್ಮ ಮನೆಯವರನ್ನ ನೀವು ನೋಡಿದೀರಾ ಮೇಡಂ?"

"ಇಲ್ಲಮ್ಮ."

"ನೋಡ್ದೆ ಇರೋರ ಮೇಲೆ ಬರೆದ್ರಲ್ಲ. ಆ ಒಂದು ಮಾತು ತೆಗೆಸಿಬಿಡಿ. ಯಜಮಾನ್ರಿಗೆ ಹೇಳಿದೀನಿ ಅಂತ ಅವರು ಬಡ್ಕೋತಿದ್ದಾರೆ, ಯಾರೂ ನಂಬ್ತಿಲ್ಲ. ಸಾಕ್ಷಿ ಎಲ್ಲಿದೆ ಅಂತಾರೆ."

ಸಾಕ್ಷಿ ಆಗಷ್ಟೇ ಕಾರು ಹತ್ತಿ ಹೋಗಿತ್ತು. ತನಿಖೆ ನಡೀತಿದೆ ಅಮ್ಮ, ಸತ್ಯ ಹೊರಗೆ ಬಂದೇ ಬರುತ್ತೆ ಎಂದು ಅವಳು ಹೇಳಿದಳು. ಇಂಥ ಮಾತುಗಳು ಅವಳ ಬಾಯಲ್ಲಿ ಯಾವಾಗಲೂ ತಯಾರಿರುತ್ತಿದ್ದವು. ಏನಾದರೂ ಇದ್ದರೆ ಫೋನ್ ಮಾಡಿ ಎಂದು ತನ್ನ ಕಾರ್ಡನ್ನೂ ಕೊಟ್ಟಳು. ಆ ಹೆಂಗಸು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಾನಾಗಿ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಗಿರಾಕಿಯ ಗುಟ್ಟು ಬಿಟ್ಟವಳೆಂದು ಇನ್ನಾವ ಏಜೆನ್ಸಿಯೂ ಹತ್ತಿರ ಸೇರಿಸುವುದಿಲ್ಲ. ಆದರೆ ತಾನೇಕೆ ಬಾಯಿ ಬಿಡಬೇಕು? ನಾಳೆ ಹಾಲ್ ತುಂಬ ಪತ್ರಕರ್ತರಿರುತ್ತಾರೆ. ಉತ್ತರ ಕಲಿಸುವುದು ತನ್ನ ಕೆಲಸವಾದರೆ ಪ್ರಶ್ನೆ ಕೇಳುವುದು ಅವರ ಕೆಲಸ. ಮೆಕ್ಯಾನಿಕ್ ಠಾಣೆಯಲ್ಲಿ ಕೂತು ಬಡಿದುಕೊಳ್ಳುತ್ತಿರುವುದನ್ನು ಯಾವನಾದರೂ ಒಬ್ಬ ಕಿವಿಗೆ ಹಾಕಿಕೊಂಡಿದ್ದರೂ ಸಾಕು, ಬ್ರೇಕಿನ ಮಾತು ಎತ್ತಿಯೇ ಎತ್ತುತ್ತಾನೆ. ಅದರಲ್ಲೂ ಗುರುಗಳು ಬರುತ್ತಾರೆ.

ಗುರುಗಳೆಂದರೆ ಅವಳ ಹಳೆಯ ಪತ್ರಿಕೆಯ ಮುಖ್ಯ ವರದಿಗಾರರು. ಎದುರಿಗಿರುವವನು ಯಾವ ಪ್ರಶ್ನೆಗೆ ಹೆದರುತ್ತಾನೆಂದು ಮೊದಲು ಕಂಡುಹಿಡಿ, ಆಮೇಲೆ ಅದನ್ನೇ ಕೇಳು ಎಂದು ಅವಳಿಗೆ ಕಸುಬು ಕಲಿಸಿದವರು. ಆ ಒಂದು ಪಾಠವನ್ನು ತಿರುವಿಹಾಕಿ ಮಾರಿಕೊಂಡೇ ಅವಳು ಈಗ ಊಟ ಮಾಡುತ್ತಿದ್ದಳು.

ಗೋಷ್ಠಿ ಹೋಟೆಲಿನ ಮೇಲಿನ ಹಾಲಿನಲ್ಲಿ. ಗುರುಗಳು ಎಲ್ಲರಿಗಿಂತ ಮೊದಲು ಬಂದು, ಊಟದ ಮೇಜು ಯಾವ ಕಡೆ ಹಾಕಿದ್ದಾರೆಂದು ನೋಡಿಕೊಂಡು, ಅದಕ್ಕೆ ಹತ್ತಿರದ ಕುರ್ಚಿ ಹಿಡಿದಿದ್ದರು. ಅವಳು ಬಾಗಿ, ಲಿಫ್ಟಿನ ಬಗ್ಗೆ ಏನಾದರೂ ಕೇಳಿ ಗುರುಗಳೇ ಎಂದಳು. ವೃತ್ತಿಧರ್ಮ ಮೀರಿ ಅವಳು ಅಷ್ಟು ಹೇಳಿದ್ದೇ ದೊಡ್ಡದು.

"ಏನು ಕೇಳ್ಬೇಕೋ ಹೇಳಿಬಿಡಮ್ಮ, ಕೇಳ್ತೀನಿ," ಎಂದರು ಗುರುಗಳು ಜೇಬಿನಿಂದ ಪೆನ್ನು ತೆಗೆದು.

"ನಾನು ಹೇಳೋದಲ್ಲ. ನಿಮಗೆ ತೋಚಿದ್ದು ಕೇಳಿ."

"ನನಗೇನಮ್ಮ ತೋಚುತ್ತೆ. ಯಾವತ್ತೂ ನೀನೇ ಕೊಡ್ತಿದ್ದೆ." ಅವರಿಗೆ ನಿಜವಾಗಿಯೂ ಬೇಸರವಾದಂತೆ ಕಂಡಿತು.

ಟಿ.ವಿ.ಯವರು ಯಜಮಾನ ಬಂದು ಕೂತದ್ದನ್ನೂ, ಮೃತರ ಆತ್ಮಕ್ಕೆ ಶಾಂತಿ ಕೋರಿ ಎದ್ದು ನಿಂತದ್ದನ್ನೂ ಚಿತ್ರೀಕರಿಸಿಕೊಂಡು, ಇಷ್ಟು ಸಾಕು ಎಂದು ಕ್ಯಾಮೆರಾ ಮಡಚಿ ಇನ್ನೊಂದು ಕಾರ್ಯಕ್ರಮಕ್ಕೆ ಓಡಿದರು. ಅದೇ ಅವರ ಪದ್ಧತಿ. ಚಿತ್ರ ಸಿಕ್ಕಿದರೆ ಮಾತು ಯಾರಿಗೆ ಬೇಕು? ಉಳಿದದ್ದು ಏಜೆನ್ಸಿಯ ಕ್ಯಾಮೆರಾ ಒಂದೇ. ಯಜಮಾನ ಆಮೇಲೆ ನೋಡಿ ತಿದ್ದಿಕೊಳ್ಳಲಿ ಎಂದು ಅವಳೇ ಅದನ್ನು ಮೂಲೆಯಲ್ಲಿ ನಿಲ್ಲಿಸಿದ್ದಳು.

ಹೇಳಿಕೆ ಓದಿ ಮುಗಿದು ಪ್ರಶ್ನೆಗಳು ಶುರುವಾದವು. ಒಬ್ಬ ಕಂಪನಿ ಸ್ಥಾಪನೆಯಾದದ್ದು ಯಾವಾಗ ಎಂದು ಕೇಳಿದ. ಅದು ಅವಳು ಹಂಚಿದ್ದ, ಅವನ ಕೈಯಲ್ಲೇ ಇದ್ದ ಹಾಳೆಯ ಮೊದಲ ಸಾಲಿನಲ್ಲೇ ಇತ್ತು. ಇನ್ನೊಬ್ಬಳು ಬೇರೆ ಊರುಗಳಿಗೂ ವಿಸ್ತರಿಸುವ ಯೋಚನೆ ಇದೆಯೇ ಎಂದಳು. ಮತ್ತೊಬ್ಬ, ಈ ದುಃಖದ ಸಂದರ್ಭದಲ್ಲಿ ಸಾರ್ವಜನಿಕರಿಗೆ ತಮ್ಮ ಸಂದೇಶವೇನು ಎಂದ. ಹೆಂಗಸು ಸತ್ತ ಲಿಫ್ಟು ಅಲ್ಲೆಲ್ಲೋ ಜಜ್ಜಿಹೋಗಿ ಬಿದ್ದಿತ್ತು, ಇವನಿಗೆ ಸಂದೇಶ ಬೇಕಿತ್ತು. ಗುರುಗಳು ಗಲ್ಲಕ್ಕೆ ಕೈ ಕೊಟ್ಟು, ಯೋಚಿಸುವವರಂತೆ ಕಣ್ಣು ಮುಚ್ಚಿದ್ದರು.

ಗೋಡೆಗೊರಗಿ ನಿಂತಿದ್ದ ಅವಳಿಗೆ ಮೈಯುರಿಯಿತು. ಸಾಕಿದ ನಾಯಿ ಬೊಗಳದಿದ್ದರೆ ಕಳ್ಳನಿಗೆ ಖುಷಿಯಾಗಬೇಕು. ಇವಳಿಗೆ ಮಾತ್ರ ಒಬ್ಬೊಬ್ಬರ ಕುರ್ಚಿಯನ್ನೂ ಒದೆಯಬೇಕು ಎನ್ನಿಸುತ್ತಿತ್ತು. ಇವರನ್ನು ಹೀಗೆ ಮಾಡಿದವರು ಯಾರೆಂಬ ಪ್ರಶ್ನೆಯೂ ಬೆನ್ನಿಗೇ ಬಂತು. ಅದಕ್ಕೆ ಉತ್ತರ ಗೊತ್ತಿದ್ದರಿಂದ ಉರಿ ಇನ್ನೂ ಹೆಚ್ಚಾಯಿತು.

ಯಜಮಾನನಿಗೆ ಬೇರೆಯದೇ ಸಂಕಟ. ಪ್ರತಿ ಪ್ರಶ್ನೆಗೂ ಅವನ ಕೈ ಎದೆಯ ಕಡೆ ಏಳುತ್ತಿತ್ತು, ಅದಲ್ಲವೆಂದು ತಿಳಿದು ಮತ್ತೆ ಮೇಜಿನ ಮೇಲೆ ಬೀಳುತ್ತಿತ್ತು. ಪರೀಕ್ಷೆಗೆ ಒಂದೇ ಪ್ರಬಂಧ ಬಾಯಿಪಾಠ ಮಾಡಿಕೊಂಡು ಹೋದವನಿಗೆ ಅದೊಂದು ಬಿಟ್ಟು ಬೇರೆಲ್ಲ ಬಂದ ಹಾಗಾಗಿತ್ತು. ಇನ್ನೇನಾದರೂ ಪ್ರಶ್ನೆ ಇದೆಯೇ ಎಂದು ಅವನೇ ಕೇಳಿದ. ಹಿಂದಿನ ಸಾಲಿನವರು ಆಗಲೇ ಎದ್ದು ತಟ್ಟೆಗಳ ಕಡೆ ನೋಡುತ್ತಿದ್ದರು. ಯಜಮಾನ ಅವಳ ಕಡೆ ತಿರುಗಿದ. ಅವಳು ಬೇಡ ಎಂದು ತಲೆಯಾಡಿಸಿದಳು.

"ಅಲ್ಲ, ಬ್ರೇಕಿನ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ?" ಎಂದ ಯಜಮಾನ.

ಅವನ ದನಿಯಲ್ಲಿ ಮುನಿಸಿತ್ತು. ಎದ್ದಿದ್ದವರು ಕೂತರು. ಅವನು ಒಂದು ಕ್ಷಣ ಕಣ್ಣು ಮುಚ್ಚಿದ, ತೆರೆದ, ಎದೆಯ ಮೇಲೆ ಕೈಯಿಟ್ಟ.

"ಹೌದು. ಬ್ರೇಕ್ ಸವೆದಿದೆ ಎಂದು ನಮ್ಮ ಮೆಕ್ಯಾನಿಕ್ ಅವಘಡಕ್ಕೆ ಮೊದಲೇ ಖುದ್ದಾಗಿ ನನ್ನ ಗಮನಕ್ಕೆ ತಂದಿದ್ದರು. ನಾನು ಆ ಮಾತನ್ನು ಹಗುರವಾಗಿ ಪರಿಗಣಿಸಲಿಲ್ಲ. ದುರಸ್ತಿಗೆ ಸೂಕ್ತ ಸಮಯ ಯಾವುದೆಂದು ನಾನೇ ನಿರ್ಧರಿಸಿದ್ದೆ. ವಿಧಿ ನಮಗೆ ಆ ಸಮಯ ಕೊಡಲಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಸುರಕ್ಷತೆ ನಮ್ಮ ಉಸಿರು."

ದನಿ ತಗ್ಗಬೇಕಾದಲ್ಲಿ ತಗ್ಗಿತು, ಕಣ್ಣಂಚಿನಲ್ಲಿ ನೀರೂ ಬಂತು. ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಕುಂಬಳಕಾಯಿಯ ಹೆಸರನ್ನು ಯಾರೂ ಎತ್ತಿರಲಿಲ್ಲ, ಈ ಮಹಾನುಭಾವ ತಾನಾಗಿಯೇ ಹೆಗಲು ತೋರಿಸಿ, ಹೇಗಿದೆ ಎಂದು ಕೇಳುತ್ತಿದ್ದ.

ಅವಳು ಗೋಡೆ ಬಿಟ್ಟು ಮುಂದೆ ಬಂದಳು. ಆಯಿತು, ಹೊರಗೆ ಬಂತು, ಇನ್ನು ಯಾರೂ ಮುಚ್ಚುವಂತಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಗುರುಗಳು ಹತ್ತಿರ ಬಂದರು. ಅವರ ಹಿಂದೆ ಇನ್ನೂ ನಾಲ್ಕೈದು ಜನ, ಎಲ್ಲರ ಕೈಯಲ್ಲೂ ಊಟದ ತಟ್ಟೆ.

"ಅಲ್ಲಮ್ಮ, ಆ ಬ್ರೇಕಿನ ವಿಷ್ಯ ನೀನು ಕೊಟ್ಟ ಹಾಳೇಲಿ ಇಲ್ಲ. ಅದನ್ನ ಹಾಕ್ಬೇಕಾ, ಬಿಡ್ಬೇಕಾ?"

"ಬಿಟ್ಟುಬಿಡಿ ಗುರುಗಳೇ."

ಯೋಚಿಸಿ ಹೇಳಿದ್ದಲ್ಲ. ಇಷ್ಟು ವರ್ಷದ ಅಭ್ಯಾಸ ಅವಳ ನಾಲಿಗೆಯಿಂದ ಹೇಳಿಸಿತು; ಹೇಳಿಯಾದ ಮೇಲೆಯೇ ಅವಳಿಗೆ ಕೇಳಿಸಿತು. ಯಾಕೆ ಬಿಡಬೇಕು ಎಂದು ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಅವಳು ಅವರ ಮುಖವನ್ನೇ ನೋಡಿದಳು. ಗುರುಗಳು ತಟ್ಟೆಯನ್ನು ಪಕ್ಕದವನ ಕೈಗೆ ಕೊಟ್ಟು, ಬರೆದುಕೊಂಡಿದ್ದರ ಮೇಲೆ ನೀಟಾಗಿ ಗೀಟು ಎಳೆದರು. ಹಿಂದಿದ್ದವರೂ ಎಳೆದರು. ಸದ್ಯ, ಕೇಳಿದ್ದು ಒಳ್ಳೆಯದಾಯಿತು ಎಂದು ಒಬ್ಬ ನಿಟ್ಟುಸಿರು ಬಿಟ್ಟ. ಅವಳಿಗೆ ಅವರ ಮೇಲೆ ಅಸಹ್ಯವಾಯಿತು, ತನ್ನ ಮೇಲೆ ಅದಕ್ಕಿಂತ ಹೆಚ್ಚಾಯಿತು. ಮುಖ ತೊಳೆದು ಬರುತ್ತೇನೆಂದು ಹೋಗಿ ಕನ್ನಡಿಯ ಮುಂದೆ ನಿಂತವಳಿಗೆ ಕನ್ನಡಿ ನೋಡಲಾಗಲಿಲ್ಲ.

ಸಂಜೆ ಅವಳು ಆಫೀಸಿನಿಂದ ಹೊರಡುವ ಹೊತ್ತಿಗೆ ಯಜಮಾನನ ಫೋನ್ ಬಂತು. ಅವನ ಉತ್ಸಾಹ ಇಳಿದಿರಲಿಲ್ಲ. ಟಿ.ವಿ.ಯವರು ತಾನು ಎದ್ದು ನಿಂತದ್ದನ್ನಷ್ಟೇ ತೋರಿಸುತ್ತಿದ್ದಾರೆ, ಬ್ರೇಕಿನ ಉತ್ತರ ಎಲ್ಲೂ ಇಲ್ಲ, ನಿಮ್ಮ ಪತ್ರಕರ್ತರು ಶುದ್ಧ ದಂಡಪಿಂಡಗಳು ಎಂದು ಬೈದ. ಆ ಮಾತಿಗೆ ಅವಳ ತಕರಾರಿರಲಿಲ್ಲ.

"ನಿಮ್ಮ ಕ್ಯಾಮೆರಾದಲ್ಲಿ ಇದೆ ಅಲ್ವಾ? ಆ ಉತ್ತರ ಒಂದನ್ನೇ ಕತ್ತರಿಸಿ ನಮ್ಮ ಕಂಪನಿ ಪೇಜಲ್ಲಿ ಹಾಕಿ. ಮನೇಲೂ ನೋಡ್ಬೇಕು ಅಂತಿದ್ದಾರೆ."

"ಸರ್, ಕೇಳಿದರೆ ಮಾತ್ರ ಅಂದಿದ್ದೆ ನಾನು."

"ಕೇಳೋಕೆ ಅವರಿಗೆ ಬುದ್ಧಿ ಇರ್ಲಿಲ್ಲ, ಅದಕ್ಕೆ ನಾನೇನು ಮಾಡ್ಲಿ? ನಾನು ಹೆದರಲಿಲ್ಲ ಅಂತ ಜನಕ್ಕೆ ಗೊತ್ತಾಗ್ಲಿ. ಹಾಕಿ ಅಂದ್ರೆ ಹಾಕಿ."

ಅವನನ್ನು ತಡೆಯಲು ಒಂದೇ ಒಂದು ಮಾತು ಸಾಕಿತ್ತು. ಸರ್, ಅದರಲ್ಲಿ ನಿಮ್ಮ ತಪ್ಪನ್ನು ನೀವೇ ಒಪ್ಪಿಕೊಂಡಿದ್ದೀರಿ ಎನ್ನಬೇಕಿತ್ತು, ಅಷ್ಟೇ. ಇಂಥ ಮಾತು ಹೇಳುವುದಕ್ಕೇ ಅವಳಿಗೆ ಸಂಬಳ. ಎಷ್ಟೋ ಯಜಮಾನರನ್ನು ಅವರವರ ಬಾಯಿಂದಲೇ ಅವಳು ಕಾಪಾಡಿದ್ದಳು.

"ಆಗಲಿ ಸರ್," ಎಂದಳು. ಆಮೇಲೆ, ನೀವು ಹೇಳಿದ್ದನ್ನೇ ಒಂದು ಮೆಸೇಜ್ ಹಾಕಿಬಿಡಿ ಎಂದೂ ಸೇರಿಸಿದಳು. ಮೆಸೇಜು ಬಂತು. ವಿಡಿಯೊದ ಮೇಲೆ ಏನು ಬರೆಯಬೇಕೆಂಬುದನ್ನೂ ಅವನೇ ಕಳಿಸಿದ್ದ: ನೇರ ಪ್ರಶ್ನೆ, ನೇರ ಉತ್ತರ. ಪ್ರಶ್ನೆಯನ್ನು ಕೇಳಿದವರಾರು ಎಂದು ಅವಳು ವಿಚಾರಿಸಲಿಲ್ಲ. ಕಂಪನಿಯ ಪೇಜನ್ನು ನೋಡಿಕೊಳ್ಳುತ್ತಿದ್ದುದು ಏಜೆನ್ಸಿ, ಅದರ ಪಾಸ್‌ವರ್ಡ್ ಇದ್ದದ್ದು ಅವಳೊಬ್ಬಳ ಬಳಿ. ಉತ್ತರವನ್ನು ಕತ್ತರಿಸಿ, ದನಿ ಸ್ವಲ್ಪ ಏರಿಸಿ, ಒಂದು ಪದವೂ ತಪ್ಪದೆ ಕೇಳಿಸುತ್ತದೆಯೇ ಎಂದು ನೋಡಿ, ಹಾಕಿದಳು.

ಬೆಳಿಗ್ಗೆ ಎದ್ದಾಗ ಮಾವ ಹಜಾರದಲ್ಲಿ ಪತ್ರಿಕೆ ಓದುತ್ತಿದ್ದರು. ನಿವೃತ್ತ ಹೆಡ್‌ಮಾಸ್ಟರು, ಅಚ್ಚಾದದ್ದೆಲ್ಲ ನಿಜವೆಂದು ನಂಬಿ ಜೀವನ ಕಳೆದವರು. "ನೋಡಮ್ಮ, ನಿರ್ವಹಣಾ ಸಿಬ್ಬಂದಿಯ ವಿರುದ್ಧ ಕಠಿಣ ಕ್ರಮ ಅಂತ ಹೇಳಿದ್ದಾರೆ ಯಜಮಾನ್ರು. ಪಾಪ, ಒಳ್ಳೆ ಮನುಷ್ಯನ ಹಾಗೆ ಕಾಣ್ತಾರೆ," ಎಂದರು. ಅವಳ ಹಾಳೆಯ ಸಾಲುಗಳನ್ನೇ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದರು. ಗುರುಗಳ ಹೆಸರು ಮೇಲೆ ದಪ್ಪಕ್ಷರದಲ್ಲಿತ್ತು.

ಅವಳು ಅಡುಗೆಮನೆಗೆ ಹೋದಳು. ಫೋನು ಅಲ್ಲಿಗೇ ಬಂತು. ಮೆಕ್ಯಾನಿಕ್ಕನ ಹೆಂಡತಿ. ರಸ್ತೆಯಲ್ಲಿ ನಿಂತು ಮಾತಾಡುತ್ತಿದ್ದಳು, ವಾಹನಗಳ ಸದ್ದಿನ ನಡುವೆ ಮಾತು ತುಂಡುತುಂಡಾಗಿ ಬರುತ್ತಿತ್ತು.

"ಮೇಡಂ, ವಿಡಿಯೊ ನೋಡಿದ್ವಿ. ಎಲ್ಲರ ಫೋನಿಗೂ ಬಂದಿದೆ. ನಮ್ಮ ಲಾಯರು ಠಾಣೆಗೆ ಬರ್ತಿದ್ದಾರೆ. ಕಂಪನಿ ಪೇಜನ್ನೇ ತೆರೆದು ಇನ್ಸ್‌ಪೆಕ್ಟರಿಗೆ ತೋರಿಸ್ಬೇಕಂತೆ, ಇಲ್ಲಾಂದ್ರೆ ನಾವೇ ಏನೋ ಮಾಡ್ಕೊಂಡು ಬಂದಿದೀವಿ ಅಂತಾರಂತೆ. ಅಲ್ಲೀವರೆಗೆ ಅದನ್ನ ತೆಗೆಯೋದಿಲ್ಲ ತಾನೇ?"

"ಲಾಯರು ಬರೋಕೆ ಎಷ್ಟೊತ್ತಾಗುತ್ತೆ?"

"ದಾರೀಲಿದ್ದಾರೆ. ಅದನ್ನ ಹಾಕಿದ್ದು ಯಾರು ಮೇಡಂ?"

"ಕಂಪನಿಯವರೇ," ಎಂದಳು ಅವಳು.

ಆ ಫೋನು ಇಡುವ ಮೊದಲೇ ಇನ್ನೊಂದು ಬರತೊಡಗಿತು. ಅವಳು ಅದು ಪೂರ್ತಿ ರಿಂಗಾಗಿ ನಿಲ್ಲಲು ಬಿಟ್ಟು, ಮತ್ತೆ ಬಂದಾಗ ಎತ್ತಿದಳು. ಯಜಮಾನ ಏದುಸಿರು ಬಿಡುತ್ತಿದ್ದ. ಕಂಪನಿಯ ಲಾಯರು ಬೆಳಿಗ್ಗೆ ಬೆಳಿಗ್ಗೆಯೇ ಮನೆಗೆ ಬಂದು ಉಗಿದರಂತೆ. ನಿನ್ನೆ ಇಲ್ಲದ ಬುದ್ಧಿ ಒಂದು ರಾತ್ರಿಯಲ್ಲಿ ಬಂದುಬಿಟ್ಟಿತ್ತು.

"ತೆಗೀರಿ ಅದನ್ನ. ಈಗಲೇ ತೆಗೀರಿ."

"ತೆಗೀತೀನಿ ಸರ್."

"ಎಷ್ಟೊತ್ತು ಬೇಕು?"

"ಏನಿಲ್ಲ ಸರ್, ಒಂದು ನಿಮಿಷದ ಕೆಲಸ."

ಅವಳು ಫೋನನ್ನು ಮಗುಚಿ ಕಟ್ಟೆಯ ಮೇಲಿಟ್ಟಳು. ಹಜಾರದಿಂದ ಮಾವ, ಕಾಫಿ ಆಯ್ತೇನಮ್ಮ ಎಂದು ಕೇಳಿದರು. ಆಗುತ್ತೆ ಮಾವ, ಸ್ವಲ್ಪ ನಿಧಾನ ಎಂದಳು. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಉರಿಯನ್ನು ತೀರಾ ಸಣ್ಣದು ಮಾಡಿ, ಅದು ಕಾಯುವುದನ್ನೇ ನೋಡುತ್ತ ನಿಂತಳು.